ಎಂಬತ್ತೆಂಟನೆಯ ಶೇಷ

೮ ಮಾರ್ಚ್ ೧೯೩೮, ಮಂಗಳವಾರ. ಸಂಜೆ ೫

ಎಪ್ಪತ್ತೊಂದನೆಯ ಮೆಟ್ಟಿಲು ಮುಗಿಯಿತು. ತಾಳೆ ಬಿತ್ತು. ಇನ್ನು ಎಂಬತ್ತನಾಲ್ಕು.

ಬೆಳಿಗ್ಗೆ ಲೆಕ್ಕದ ಮೆಷಿನ್ ಅಣ್ಣ ಕ್ಲೆಮ್‌ಗೆ, ಮಧ್ಯಾಹ್ನ ನನಗೆ. ಇರುವುದೊಂದೇ. ಗಣಿಯ ಸರ್ವೆ ಆಫೀಸಿನವರು ಹಳತೆಂದು ಎಸೆದದ್ದು. ಹಿಡಿ ತಿರುಗಿಸಿದಾಗಲೆಲ್ಲ ಮುದಿ ಮೇಕೆಯ ಹಾಗೆ ಕೆಮ್ಮುತ್ತದೆ. "ಈಗ ಮನೇಲಿ ಕೆಮ್ಮೋರು ಇಬ್ಬರಾದ್ವಿ" ಅಂತ ಕ್ಲೆಮ್‌ನೇ ಅಂದದ್ದು. ನಾನು ಅಂದಿದ್ದರೆ ಪಾಪ ಬರುತ್ತಿತ್ತು.

ಗಣಿಯ ನಾಲ್ಕು ಗಂಟೆಯ ಸೈರನ್ ಆದ ಮೇಲೆ ಓದುವುದು. ನಾನು ನನ್ನ ಶೀಟಿನಿಂದ ಮೂರು ಮೂರು ಅಂಕಿಯ ಒಂದೊಂದು ಮನೆ ಓದುತ್ತೇನೆ. ಅವನು ತನ್ನ ಶೀಟ್ ನೋಡಿಕೊಂಡು "ಹೂಂ" ಅನ್ನುತ್ತಾನೆ. ಹದಿನಾರು ಹೂಂ ಬಂದರೆ ಒಂದು ಮೆಟ್ಟಿಲು ಹತ್ತಿದ ಹಾಗೆ. ಇವತ್ತು ಹದಿನಾರೂ ಬಂದವು. ಕೊನೆಯದಕ್ಕೆ ಸ್ವಲ್ಪ ಉಸಿರು ಸಾಲಲಿಲ್ಲ, ಆದರೂ ಬಂತು.

೧೦ ಮಾರ್ಚ್, ಗುರುವಾರ

ಪಕ್ಕದ ಮನೆಯ ಮಿಸೆಸ್ ಪಾಸ್ಕೋ ಪೇಸ್ಟಿ, ಅದೇ ಅವಳ ಮಾಂಸದ ಕಡುಬು, ತಂದಿದ್ದಳು. ಗೋಡೆಯ ಮೇಲೆ ಕ್ಲೆಮ್ ರಟ್ಟಿನಲ್ಲಿ ಬರೆದು ತೂಗುಹಾಕಿದ ಸಂಖ್ಯೆ ಇವತ್ತು ಅವಳ ಕಣ್ಣಿಗೆ ಬಿತ್ತು. ಎರಡು ವರ್ಷಕ್ಕೂ ಮೇಲಾಯಿತು, ಅಲ್ಲೇ ಇದೆ.

೧೮೨ ೬೮೭ ೭೦೪ ೬೬೬ ೩೬೨ ೮೬೪ ೭೭೫ ೪೬೦ ೬೦೪ ೦೮೯ ೫೩೫ ೩೭೭ ೪೫೬ ೯೯೧ ೫೬೭ ೮೭೧

"ನಾಲ್ಕನೇ ಮನೇಲಿ ಏನಪ್ಪಾ ಅದು? ಆರು ಆರು ಆರು. ಬೈಬಲ್ಲಲ್ಲಿ ಹೇಳಿರೋ ಸೈತಾನನ ಮೃಗದ ಸಂಖ್ಯೆ. ಚಾಪಲ್‌ಗೆ ಹೋಗೋರ ಮನೇಲಿ."

"ನಾನು ಕೂರ್ಸಿದ್ದಲ್ಲ ಮಿಸೆಸ್ ಪಾಸ್ಕೋ. ಒಂದನ್ನ ನೂರೈವತ್ತೇಳು ಸಲ ಇಮ್ಮಡಿ ಮಾಡ್ತಾ ಹೋಗಿ, ಆಮೇಲೆ ಒಂದು ಕಳೀರಿ. ತಾನಾಗೇ ಬಂದು ಕೂತ್ಕೊಳ್ಳುತ್ತೆ."

"ಯಾಕೆ ಇಮ್ಮಡಿ ಮಾಡ್ಬೇಕು? ಕೆಲ್ಸ ಇಲ್ವಾ?"

"ಇಲ್ಲ. ಗಣಿಯೋರು ಕಳ್ಸಿಬಿಟ್ರಲ್ಲ." ನಕ್ಕ. "ಅಂಕಿ ಎಲ್ಲಾ ಕೂಡಿ ನೋಡಿ, ಇನ್ನೂರ ನಲವತ್ತನಾಲ್ಕು ಬರುತ್ತೆ. ಅದು ಬೈಬಲ್ಲಲ್ಲಿ ಎಲ್ಲೂ ಇಲ್ಲ ತಾನೆ?"

ಅವಳು ಪೇಸ್ಟಿಯ ಮೇಲಿನ ಬಟ್ಟೆ ತೆಗೆದು ರಟ್ಟಿನ ಆ ಜಾಗಕ್ಕೆ ಸಿಕ್ಕಿಸಿ ಹೋದಳು. ಕ್ಲೆಮ್ ತೆಗೆಯಲು ಬಿಡಲಿಲ್ಲ. ಈಗ ನಮ್ಮ ಸಂಖ್ಯೆಯ ನಾಲ್ಕನೆಯ ಮನೆಗೆ ಪರದೆ ಇದೆ.

ಇದು ಬೇರೆ ಸಣ್ಣ ಸಂಖ್ಯೆಯಿಂದ ಶೇಷವಿಲ್ಲದೆ ಒಡೆಯುತ್ತದೋ ಇಲ್ಲವೋ — ಇಷ್ಟೇ ಪ್ರಶ್ನೆ. ಸುಮಾರು ಮುನ್ನೂರು ವರ್ಷದ ಹಿಂದೆ ಫ್ರಾನ್ಸಿನ ಒಬ್ಬ ಸನ್ಯಾಸಿ ಇಂಥ ಸಂಖ್ಯೆಗಳಲ್ಲಿ ಒಡೆಯದವು ಯಾವುವು ಅಂತ ಪಟ್ಟಿ ಬರೆದ. ನಮ್ಮದು ಅದರಲ್ಲಿಲ್ಲ. ಅಂದರೆ ಒಡೆಯುತ್ತದೆ ಅಂತ ಅವನ ಲೆಕ್ಕ. ಸಾಧಿಸಿ ತೋರಿಸಲಿಲ್ಲ ಪುಣ್ಯಾತ್ಮ. "ಐದು ಕಡೆ ಎಡವಿದ್ದಾನೆ ಆ ಸನ್ಯಾಸಿ. ಆರನೇದು ನಾನು ಹಿಡೀತೀನಿ" — ಇದು ಕ್ಲೆಮ್‌ನ ಜಪ. ಒಡೆಯುವುದಾದರೆ, ಅದನ್ನು ಒಡೆಯುವ ಸಂಖ್ಯೆ ಮುನ್ನೂರ ಹದಿನಾಲ್ಕರ ಮಗ್ಗಿಗಿಂತ ಒಂದು ಹೆಚ್ಚಿರಲೇಬೇಕು. ಅದು ಬಿಟ್ಟುಕೊಟ್ಟ ಗುಟ್ಟು ಅದೊಂದೇ. ಹಾಗಾಗಿ ಎರಡು ವರ್ಷ ಆ ಮಗ್ಗಿ ಹಿಡಿದು ಹತ್ತು ಲಕ್ಷದವರೆಗೆ ಒಂದೊಂದೇ ಬಾಗಿಲು ತಟ್ಟಿದ. ಒಂದೂ ತೆರೆಯಲಿಲ್ಲ. ಆಮೇಲೆ ಈ ಮೆಟ್ಟಿಲುಗಳ ದಾರಿ ಸಿಕ್ಕಿತು. ನಾಲ್ಕರಿಂದ ಶುರು. ಅದನ್ನು ಅದರಿಂದಲೇ ಗುಣಿಸು, ಎರಡು ಕಳೆ — ಹದಿನಾಲ್ಕು. ಮತ್ತೆ ಹಾಗೇ — ನೂರ ತೊಂಬತ್ತನಾಲ್ಕು. ಗೋಡೆಯ ಸಂಖ್ಯೆಯನ್ನು ಮೀರಿದರೆ ಅದರಿಂದ ಭಾಗಿಸಿ ಶೇಷ ಇಟ್ಟುಕೋ. ಹೀಗೆ ನೂರೈವತ್ತೈದು ಸಲ. ಕೊನೆಯ ಶೇಷ ಸೊನ್ನೆ ಬಂದರೆ ಒಡೆಯುವುದಿಲ್ಲ. ಬೇರೆ ಏನೇ ಬಂದರೂ ಒಡೆಯುತ್ತದೆ.

ಮೊದಲ ಆರು ಮೆಟ್ಟಿಲು ಮಕ್ಕಳಾಟ. ಆಮೇಲಿನದು ಜೀತ.

೨೪ ಮಾರ್ಚ್, ಗುರುವಾರ

ಡಾಕ್ಟರ್ ಬಂದು ಹೋದರು. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಶ್ವಾಸಕೋಶದಲ್ಲಿ ಜಾಗಾನೇ ಇಲ್ಲಮ್ಮ, ಬರೀ ಕಲ್ಲುಪುಡಿ. ಜೂನ್-ಜುಲೈ ಚಳಿಗಾಲ ದಾಟಿದ್ರೆ ಹೆಚ್ಚು" ಅಂದರು. ಇಪ್ಪತ್ತೆರಡು ವರ್ಷ ನೆಲದಡಿಯಲ್ಲಿ ಸುರಂಗ ಅಳೆದವನಿಗೆ ಇನ್ನೇನು ತುಂಬಿರುತ್ತದೆ.

ಒಳಗೆ ಹೋದರೆ ಕ್ಲೆಮ್ ಎಲ್ಲ ಕೇಳಿಸಿಕೊಂಡವನ ಹಾಗೆ ಕೂತಿದ್ದ.

"ಹೆಪ್ಸಿ, ಹನ್ನೊಂದರ ತಾಳೆ ಬಿಟ್ಟುಬಿಡೋಣ. ಒಂಬತ್ತರದ್ದು ಸಾಕು. ಮೆಟ್ಟಿಲಿಗೆ ಒಂದು ಗಂಟೆ ಉಳಿಯುತ್ತೆ."

"ಒಂಬತ್ತರ ತಾಳೆ ಅಂಕಿ ಕೂಡಿ ನೋಡೋದಷ್ಟೇ ಕಣೋ. ಎರಡು ಅಂಕಿ ಜಾಗ ಬದಲಾಯಿಸ್ಕೊಂಡ್ರೆ ಮೊತ್ತ ಅದೇ ಇರುತ್ತೆ. ಅದಕ್ಕೆ ಗೊತ್ತಾಗೋಲ್ಲ, ಹನ್ನೊಂದರದ್ದಕ್ಕೆ ಗೊತ್ತಾಗುತ್ತೆ."

"ಅದಕ್ಕೇ ತಾನೆ ನೀನಿರೋದು? ಇಬ್ರೂ ಒಂದೇ ಜಾಗದಲ್ಲಿ ಒಂದೇ ಥರ ತಿರುಗಿಸಿ ಬರೆಯೋಕೆ ನಾವೇನು ಅವಳಿಗಳಾ?"

ಸರಿಯಾದ ಮಾತೇ. ಅಡಿಲೇಡ್‌ನ ವೀಕ್ಷಣಾಲಯದಲ್ಲಿ ಹನ್ನೊಂದು ವರ್ಷ ನಕ್ಷತ್ರಗಳ ಲೆಕ್ಕ ಮಾಡಿದವಳು ನಾನು. ಅಲ್ಲಿನ ನಿಯಮ — ಪ್ರತಿ ಶೀಟಿಗೂ ಎರಡು ಕೈ. ಒಂದೇ ಮೇಜಿನಲ್ಲಿ ಕೂರುವ ಹಾಗಿಲ್ಲ, ಒಬ್ಬರದ್ದೊಬ್ಬರು ನೋಡುವ ಹಾಗಿಲ್ಲ. ಉತ್ತರ ಬೇರೆ ಬಂದರೆ ಇಬ್ಬರೂ ಮೊದಲಿನಿಂದ ಮಾಡಬೇಕು. ಯಾರದ್ದು ತಪ್ಪು ಅಂತ ಊಹಿಸುವ ಹಾಗಿಲ್ಲ. ಕೆಳಗೆ ಇಬ್ಬರ ಸಹಿ. ಕ್ಲೆಮ್‌ಗೆ ಈ ನಿಯಮ ಕಲಿಸಿದ್ದೇ ನಾನು.

ಹನ್ನೊಂದರದ್ದು ಬಿಟ್ಟೆವು.

೫ ಏಪ್ರಿಲ್, ಮಂಗಳವಾರ. ಸಂಜೆ

ಎಂಬತ್ತೆಂಟು. ಹನ್ನೊಂದನೆಯ ಮನೆಗೆ ಹೂಂ ಬರಲಿಲ್ಲ.

ನನ್ನದು ೭೧೪. ಅವನದು ೧೭೪. ಉಳಿದದ್ದೆಲ್ಲ ಒಂದೇ. ಒಂಬತ್ತರ ತಾಳೆ ಇಬ್ಬರದ್ದೂ ಸರಿ. ಯಾರೋ ಒಬ್ಬರು ಏಳು–ಒಂದು ತಿರುಗಿಸಿ ಬರೆದಿದ್ದೇವೆ.

ಕ್ಲೆಮ್ ಹೊಸ ಶೀಟ್ ಎಳೆದುಕೊಂಡ. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಬಿಡಲೇ ಇಲ್ಲ. ಬಟ್ಟೆ ತೆಗೆದಾಗ ಕೆಂಪಗಿತ್ತು. ಬಟ್ಟೆ ಮಡಿಸಿಟ್ಟು ಮತ್ತೆ ಪೆನ್ಸಿಲ್ ಹಿಡಿದ.

"ಬಿಡು, ನಂದೇ ತಪ್ಪು. ಇಲ್ಲಿ ನೋಡು, ಕಾಪಿ ಮಾಡುವಾಗ ತಿರುಗಿಸಿ ಬರ್ದಿದ್ದೀನಿ" ಅಂದೆ.

ನೋಡಿರಲಿಲ್ಲ. ಸುಮ್ಮನೆ ಅಂದೆ.

"ನಿನ್ನ ಕೈಲಿ ತಪ್ಪಾ? ನಕ್ಷತ್ರದೋರು ಕೇಳಿಸ್ಕೊಂಡ್ರೆ ಅತ್ತುಬಿಡ್ತಾರೆ."

"ಅಳಲಿ. ಹೂಂ ಅನ್ನು."

"ಹೂಂ."

ಅಳಿಸಿ ೧೭೪ ಬರೆದೆ. ಹುಟ್ಟಿದಾಗಿನಿಂದ ಕ್ಲೆಮ್ ಅಂಕಿಯಲ್ಲಿ ತಪ್ಪಿದ್ದು ಕಂಡಿಲ್ಲ. ಅಂದ ಮೇಲೆ ನನ್ನದೇ. ಎರಡು ದಿನದ ಉಸಿರು ಉಳಿಯಿತು ಅವನಿಗೆ.

೧೬ ಮೇ, ಸೋಮವಾರ

ನೂರ ಹದಿನೈದು. ನಿನ್ನೆಯಿಂದ ಧೂಳುಗಾಳಿ. ಬಾಗಿಲ ಸಂದಿಗೆಲ್ಲ ಒದ್ದೆ ಚೀಲ ತುರುಕಿದರೂ ಶೀಟಿನ ಮೇಲೆ ಕೆಂಪು ಪುಡಿ. ಊದಿ ಊದಿ ಲೆಕ್ಕ ಮಾಡಿದೆ. ಅವನಿಗೆ ಊದಲು ಆಗುವುದಿಲ್ಲ, ಬ್ರಶ್ ಕೊಟ್ಟಿದ್ದೇನೆ.

ಈಗ ಹಿಡಿ ಇಪ್ಪತ್ತು ಸುತ್ತು, ಆಮೇಲೆ ವಿಶ್ರಾಂತಿ. ವಿಶ್ರಾಂತಿಯಲ್ಲೂ ಸುಮ್ಮನಿರುವುದಿಲ್ಲ, ಮಗ್ಗಿ ಹೇಳಿಕೊಳ್ಳುತ್ತಾನೆ. ಮುನ್ನೂರ ಹದಿನಾಲ್ಕು ಒಂದ್ಲ ಮುನ್ನೂರ ಹದಿನಾಲ್ಕು. ಎರಡ್ಲ ಆರುನೂರ ಇಪ್ಪತ್ತೆಂಟು. ಮೂರ್ಲ ಒಂಬೈನೂರ ನಲವತ್ತೆರಡು. ಅಲ್ಲಿಗೆ ಉಸಿರು ಮುಗಿಯುತ್ತದೆ. ಮೊದಲು ಇಪ್ಪತ್ತರವರೆಗೆ ಒಂದೇ ಉಸಿರಿಗೆ ಹೋಗುತ್ತಿದ್ದ.

೧೨ ಜುಲೈ, ಮಂಗಳವಾರ. ಸಂಜೆ ೬

ನೂರೈವತ್ತೈದು.

ಅವನಿಗೆ ಮಧ್ಯಾಹ್ನವೇ ಗೊತ್ತಾಗಿತ್ತು. ಊಟ ಮುಟ್ಟಲಿಲ್ಲ. ಏನೂ ಹೇಳಲಿಲ್ಲ. ನಿಯಮ ಅಂದರೆ ನಿಯಮ. ನಾನು ಮೂರೂಮುಕ್ಕಾಲಿಗೆ ಮುಗಿಸಿದೆ. ಸೈರನ್ ಆಯಿತು. ಓದಿದೆ. ಮೊದಲ ಮನೆಯೇ ಸೊನ್ನೆ ಅಲ್ಲ. ಹದಿನಾರೂ ಓದಿದೆ. ಹದಿನಾರೂ ಹೂಂ ಬಂದವು.

"ಒಡೆಯುತ್ತೆ" ಅಂದ.

"ಹೂಂ" ಅಂದೆ. ಅನ್ನುವ ಸರದಿ ನನ್ನದಾಯಿತು.

"ಯಾವುದರಿಂದ ಅಂತ ಹೇಳೋಲ್ಲ ನೋಡು ಕಳ್ಳ. ಬಾಗಿಲಿದೆ ಅನ್ನುತ್ತೆ, ಎಲ್ಲಿದೆ ಅನ್ನೋಲ್ಲ." ಬಹಳ ಹೊತ್ತು ಗೋಡೆ ನೋಡಿದ. "ಗೆದ್ದ ಸನ್ಯಾಸಿ."

ರಟ್ಟು ಇಳಿಸಲಾ ಅಂತ ಕೇಳಿದೆ. ಬೇಡ ಅಂದ. ಮುಖ ಆ ಕಡೆ ತಿರುಗಿಸಿ ಮಲಗಿದ. ನಾನು ಅಡುಗೆಮನೆಗೆ ಹೋಗಿ, ಸುಮ್ಮನೆ ನಿಂತೆ. ಅವನಿಗೊಂದು ಸೊನ್ನೆ ಬರಬಾರದಿತ್ತಾ. ಬೇರೆ ಏನು ಕೇಳಿದ್ದ ಅವನು.

೧೫ ಜುಲೈ, ಶುಕ್ರವಾರ

ಅಡಿಲೇಡ್‌ನ ಪ್ರೊಫೆಸರ್‌ಗೆ ಕಾಗದ ಹೇಳಿ ಬರೆಸಿದ. ಇಂಥ ಸಂಖ್ಯೆ, ಇಂಥ ವಿಧಾನ, ಕೊನೆಯ ಶೇಷ ಇಂತಿಷ್ಟು, ಆದ್ದರಿಂದ ಒಡೆಯುತ್ತದೆ. "ಎರಡು ಕೈಗಳು ಪ್ರತ್ಯೇಕವಾಗಿ ಲೆಕ್ಕ ಮಾಡಿ ಪ್ರತಿ ಮೆಟ್ಟಿಲಿನಲ್ಲೂ ತಾಳೆ ನೋಡಿವೆ." ಮೊದಲ ಕೈ ಅಂತ ಸಹಿ ಹಾಕಿದ. ಅಕ್ಷರ ಜೇಡನ ಕಾಲಿನ ಹಾಗೆ.

"ಸೋತಿದ್ದನ್ನೂ ಸರಿಯಾಗಿ ಹೇಳ್ಬೇಕು ಕಣೇ. ಮುಂದೆ ಯಾರೂ ಈ ಮೆಟ್ಟಿಲು ಹತ್ತಬೇಕಾಗಿಲ್ಲ. ಅಷ್ಟಾದ್ರೂ ಉಳೀತು."

ಸಮಾಧಾನವಾಗಿದ್ದ. ಮೂರು ದಿನದಲ್ಲಿ ಮೊದಲ ಸಲ ಅರ್ಧ ಪೇಸ್ಟಿ ತಿಂದ.

ನನ್ನ ಸಹಿ ಹಾಕಲಿಲ್ಲ. ಇಂಕ್ ಮುಗಿದಿದೆ ಅಂದೆ. ಬಾಟಲಿ ಅವನ ಕಣ್ಣೆದುರೇ ಇತ್ತು.

೧೯ ಜುಲೈ, ಮಂಗಳವಾರ. ಬೆಳಿಗ್ಗೆ ೧೧

ಎಂಬತ್ತೆಂಟರ ಶೀಟ್ ತೆಗೆದೆ. ಹಿತ್ತಿಲಲ್ಲಿ, ನೀರಿನ ಟ್ಯಾಂಕಿನ ಪಕ್ಕ ಕೂತು ಹನ್ನೊಂದರ ತಾಳೆ ಮಾಡಿದೆ. ಒಂದು ಬಿಟ್ಟು ಒಂದು ಅಂಕಿ ಕೂಡಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ಈ ಒಂದು ಶೀಟಿಗಷ್ಟೇ ಆದರೆ ಕಾಲು ಗಂಟೆಯ ಕೆಲಸ. ಏಪ್ರಿಲ್‌ನಲ್ಲಿ ಈ ಕಾಲು ಗಂಟೆ ನನಗೆ ಸಿಗಲಿಲ್ಲ.

೧೭೪ಕ್ಕೆ ತಾಳೆ ಬೀಳುವುದಿಲ್ಲ.

ಅಳಿಸಿದ ಕೆಳಗೆ ಹಳೆಯದು ಮಸುಕಾಗಿ ಕಾಣುತ್ತದೆ. ೭೧೪. ಅದಕ್ಕೆ ಬೀಳುತ್ತದೆ.

ಮತ್ತೆ ಮಾಡಿದೆ. ಮೂರನೆಯ ಸಲ ಮಾಡಿದೆ. ನನ್ನದು ಸರಿ. ತಪ್ಪಿದವನು ಕ್ಲೆಮ್. ಎಂಬತ್ತೊಂಬತ್ತರಿಂದ ನೂರೈವತ್ತೈದರವರೆಗೆ ಅರವತ್ತೇಳು ಮೆಟ್ಟಿಲು, ತೊಂಬತ್ತೆಂಟು ದಿನ, ಇಬ್ಬರೂ ಸೇರಿ ಬೇರೆ ಯಾವುದೋ ಸಂಖ್ಯೆಯ ಬೆನ್ನು ಹತ್ತಿದ್ದೇವೆ. ಪ್ರತಿ ಸಂಜೆ ಹದಿನಾರು ಹೂಂ. ಎಲ್ಲ ಸುಳ್ಳು. ಕೊನೆಗೆ ಬಂದ ಶೇಷಕ್ಕೆ ಅರ್ಥವೇ ಇಲ್ಲ. ಅವನಲ್ಲಿ ಬಾಕಿ ಉಳಿದಿದ್ದ ಉಸಿರನ್ನೆಲ್ಲ ಕಸಕ್ಕೆ ಹಾಕಿಸಿದೆ ನಾನು.

೨೧ ಜುಲೈ, ಗುರುವಾರ

ಮಿಸೆಸ್ ಪಾಸ್ಕೋ ಬೇಲಿಯ ಮೇಲಿಂದ ನನ್ನ ಮುಖ ನೋಡಿದಳು. ಎಲ್ಲ ಹೇಳಿಬಿಟ್ಟೆ. ಬೇರೆ ಯಾರಿಗೆ ಹೇಳಲಿ.

"ದಾರಿ ತಪ್ಪಿದೋರೂ ಒಂದೊಂದು ಸಲ ಸರಿಯಾದ ಮನೇನೇ ಸೇರ್ತಾರಲ್ವೇನೆ? ಒಡೆಯುತ್ತೆ ಅನ್ನೋದು ನಿಜಾನೇ ಇರಬಹುದು."

"ಇರಬಹುದು. ಸೇರಿದ್ವೋ ಇಲ್ವೋ ಅಂತ ನಮಗೆ ಗೊತ್ತಾಗೋಲ್ಲ. ಗೊತ್ತಾಗ್ಲಿ ಅಂತ ತಾನೆ ಅವನು ಜೀವ ಹಿಡ್ಕೊಂಡಿರೋದು."

"ಹಾಗಾದ್ರೆ ಹೇಳ್ಬೇಡ. ನೆಮ್ಮದಿಯಾಗಿ ಹೋಗ್ಲಿ ಪಾಪ. ಸಹಿ ಹಾಕಿಬಿಡು."

ನನಗೂ ಹಾಗೇ ಅನ್ನಿಸಿತ್ತು. ಒಳಗೆ ಬಂದು ಪೆನ್ ಅದ್ದಿದೆ ಕೂಡ. ಕಾಗದದ ಮೇಲೆ "ಪ್ರತ್ಯೇಕವಾಗಿ" ಅನ್ನುವಲ್ಲಿಗೆ ಬಂದು ಕೈ ನಿಂತಿತು. ಹನ್ನೊಂದು ವರ್ಷ ಒಂದು ಶೀಟಿಗೂ ಸುಳ್ಳು ಸಹಿ ಹಾಕಿದವಳಲ್ಲ. ಮುಂದೆ ಯಾರೂ ಈ ಮೆಟ್ಟಿಲು ಹತ್ತಬೇಕಾಗಿಲ್ಲ ಅಂದನಲ್ಲ — ನನ್ನ ಸಹಿ ನಂಬಿ ಯಾರೂ ಹತ್ತದೇ ಹೋದರೆ?

೨೪ ಜುಲೈ, ಭಾನುವಾರ. ಮಧ್ಯಾಹ್ನ

ಹೇಳಿದೆ. ಚಾಪಲ್‌ನಿಂದ ಬಂದವಳೇ, ಹ್ಯಾಟ್ ಕೂಡ ತೆಗೆಯದೆ.

ಅವನೇ ಶುರು ಮಾಡಿದ. "ಇಂಕ್ ಬಾಟಲಿ ತುಂಬಾ ಇದೆ ಹೆಪ್ಸಿ. ಒಂಬತ್ತು ದಿನ ಆಯ್ತು. ಯಾವ ಮೆಟ್ಟಿಲು?"

"ಎಂಬತ್ತೆಂಟು."

"ಏಳು–ಒಂದು. ಅವತ್ತು ನೀನು ಬೇಗ ಒಪ್ಕೊಂಡೆ." ಕಣ್ಣು ಮುಚ್ಚಿದ. "ತಪ್ಪು ನಂದಾ?"

"ಬರೆದದ್ದು ನೀನು. ಮುಚ್ಚಿದ್ದು ನಾನು."

"ಯಾಕೆ?"

"ನಿನಗೆ ಆಗ್ತಿರಲಿಲ್ಲ. ನೋಡೋಕಾಗ್ಲಿಲ್ಲ ನನಗೆ."

ಆಮೇಲೆ ಅಂದ ಮಾತು ಬರೆದಿಡುತ್ತೇನೆ, ಮರೆಯಬಾರದು. "ಕನಿಕರ ಬೇಕು ಅಂತ ಕೇಳಿದ್ನಾ ನಿನ್ನ? ಅದಕ್ಕೆ ಊರೆಲ್ಲಾ ಇದೆ. ನಿನ್ನಿಂದ ನಾನು ಕೇಳಿದ್ದು ಎರಡನೇ ಕೈ."

ಬೈದಿದ್ದರೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಎಷ್ಟೋ ಹೊತ್ತಿನ ಮೇಲೆ ಅವನ ದನಿ ಬಂತು, ಬೇರೆಯೇ ದನಿ.

"ಹಾಗಾದ್ರೆ ಇನ್ನೂ ಸೊನ್ನೆ ಬರಬಹುದು."

ತಲೆ ಎತ್ತಿ ನೋಡಿದೆ. ಮುಖದಲ್ಲಿ ಬೆಳಕಿತ್ತು. ಸೋತ ನೆಮ್ಮದಿಯೊಂದಿತ್ತು ಅವನಿಗೆ. ಅದನ್ನು ಕಿತ್ತುಕೊಂಡು ಆಸೆ ಕೊಟ್ಟೆ. ಅರವತ್ತೇಳು ಮೆಟ್ಟಿಲಿನ ಆಸೆ. ಡಾಕ್ಟರ್ ವಾರಗಳಲ್ಲಿ ಲೆಕ್ಕ ಹೇಳುತ್ತಿದ್ದಾರೆ.

"ಕಾಗದ ಹರಿದುಹಾಕು. ಎಂಬತ್ತೆಂಟರಿಂದ ಓದು. ನಿಂದು. ಅಳಿಸಿದ್ದನ್ನ."

ಓದಿದೆ. ಹನ್ನೊಂದನೆಯ ಮನೆ, ಏಳು ಒಂದು ನಾಲ್ಕು. ಹೂಂ ಅಂದ.

೩೧ ಜುಲೈ, ಭಾನುವಾರ

ಎಂಬತ್ತೊಂಬತ್ತು. ಏಳು ದಿನ ಹಿಡಿಯಿತು. ಹಿಡಿ ತಿರುಗಿಸಲು ಆಗುವುದಿಲ್ಲ ಅವನಿಗೆ. ನಾನು ತಿರುಗಿಸಿಕೊಡುತ್ತೇನೆ ಅಂದೆ. "ಆಗ ಅದು ಯಾರ ಕೈ?" ಅಂದ. ಪೆನ್ಸಿಲ್‌ನಲ್ಲೇ ಮಾಡುತ್ತಾನೆ, ಗುಣಾಕಾರದ ಪುಸ್ತಕ ಎದೆಯ ಮೇಲಿಟ್ಟುಕೊಂಡು. ಹನ್ನೊಂದರ ತಾಳೆಯೂ ಮಾಡುತ್ತೇವೆ. ಯಾವುದನ್ನೂ ಬಿಡುವುದಿಲ್ಲ ಈಗ.

೮ ಆಗಸ್ಟ್, ಸೋಮವಾರ

ತೊಂಬತ್ತು. ಎಂಟು ದಿನ. ಆರನೆಯ ಮನೆಯಲ್ಲಿ ಬೇರೆ ಬಂತು. ಇಬ್ಬರೂ ಮೊದಲಿನಿಂದ ಮಾಡಿದೆವು. ನನಗೆ ಬಾಯಿಗೆ ಬಂದಿತ್ತು, ನಂದೇ ತಪ್ಪು ಅಂತ. ನುಂಗಿಕೊಂಡೆ. ಅವನು ಒಂದೊಂದು ಸಾಲಿಗೂ ಕಣ್ಣು ಮುಚ್ಚಿ ತೆರೆದು, ಮುಚ್ಚಿ ತೆರೆದು ಬರೆಯುವುದನ್ನು ಮೂರು ದಿನ ನೋಡುತ್ತ ಕೂತೆ. ಈ ಸಲ ತಪ್ಪು ನಿಜವಾಗಿಯೂ ನನ್ನದೇ ಇತ್ತು.

ಹೀಗೆ ಹೋದರೆ ಮುಗಿಯಲು ಒಂದೂವರೆ ವರ್ಷ. ಇಬ್ಬರಿಗೂ ಲೆಕ್ಕ ಬರುತ್ತದೆ. ಇಬ್ಬರೂ ಅದನ್ನು ಆಡುವುದಿಲ್ಲ.

೧೬ ಆಗಸ್ಟ್, ಮಂಗಳವಾರ. ಸಂಜೆ

ತೊಂಬತ್ತೊಂದು. ದನಿ ಇಲ್ಲ. ಹೂಂ ಬದಲು ಹಾಸಿಗೆಯ ಅಂಚಿಗೆ ಬೆರಳಿನಿಂದ ತಟ್ಟಿದ. ಹದಿನಾರು ಸಲ.

೧೮ ಆಗಸ್ಟ್, ಗುರುವಾರ

ಕ್ಲೆಮ್ ಹೋದ. ಬೆಳಿಗ್ಗೆ ಹತ್ತೂಕಾಲು. ತೊಂಬತ್ತೆರಡರ ಶೀಟ್ ತೊಡೆಯ ಮೇಲಿತ್ತು. ನಾಲ್ಕು ಸಾಲು. ಐದನೆಯದರಲ್ಲಿ ಒಂದು ೩, ಅದರ ಪಕ್ಕ ಗೀರು.

ನಾಲ್ಕು ಸಾಲೂ ಸರಿ ಇವೆ. ನೋಡಿದೆ. ಈಗ ನೋಡಬಹುದಲ್ಲ.

೩೦ ಆಗಸ್ಟ್, ಮಂಗಳವಾರ

ಅಂತ್ಯಕ್ರಿಯೆಯ ದಿನ ಚಾಪಲ್‌ನವರು ಚೆನ್ನಾಗಿ ಹಾಡಿದರು. ಗಣಿಯ ಸರ್ವೆ ಆಫೀಸಿನಿಂದ ಒಬ್ಬರು ಬಂದಿದ್ದರು, ಹ್ಯಾಟ್ ಕೈಯಲ್ಲಿ ಹಿಡಿದು ನಿಂತರು, ಹೋದರು. ಪೇಸ್ಟಿ ಬಹಳ ಉಳಿದವು.

ಇವತ್ತು ಮಿಸೆಸ್ ಪಾಸ್ಕೋ ಬಂದು ರಟ್ಟಿನ ಮೇಲಿನ ತನ್ನ ಬಟ್ಟೆ ತಾನೇ ತೆಗೆದಳು. ಆರು ಆರು ಆರು ನೋಡುತ್ತ ನಿಂತಳು. "ಇಷ್ಟು ದಿನ ಸುಮ್ನೆ ಬೈದೆ. ಅದೇನು ಮಾಡಿತ್ತು ಪಾಪ." ಮೆಷಿನ್‌ನ ಮುಂದೆ ನನ್ನ ಶೀಟ್ ನೋಡಿದಳು.

"ಇನ್ನೂ ಮಾಡ್ತಿದ್ದೀಯಾ?"

"ತೊಂಬತ್ತೆರಡು ಅರ್ಧ ಆಗಿದೆ."

"ಒಬ್ಳೇ ಹ್ಯಾಗೆ? ಬೇಕಾದ್ರೆ ಸಂಜೆ ನಾನು ಬಂದು ಕೂತ್ಕೋತೀನಿ. ನೀನು ಓದು, ನಾನು ಹೂಂ ಅಂತೀನಿ."

ಒಳ್ಳೆಯ ಹೆಂಗಸು. ಅವಳ ಕೈ ಹಿಡಿದುಕೊಂಡೆ.

"ಶೀಟ್ ಇಲ್ದೆ ಹೂಂ ಅನ್ನೋದು ಬೇಡ ಮಿಸೆಸ್ ಪಾಸ್ಕೋ. ಅದನ್ನ ನಾನು ಒಂದ್ಸಲ ಮಾಡಿ ಆಗಿದೆ."

೧ ಸೆಪ್ಟೆಂಬರ್, ಗುರುವಾರ. ಸಂಜೆ ೪

ತೊಂಬತ್ತೆರಡು ಮುಗಿಯಿತು. ಒಂಬತ್ತರದ್ದು ಬಿತ್ತು. ಹನ್ನೊಂದರದ್ದೂ ಬಿತ್ತು. ಸರಿ ಇರಬೇಕು. ಇರಬೇಕು ಅನ್ನುವುದು ಸಾಲದು ಅಂತ ಅವನಿಗೆ ಕಲಿಸಿದವಳೇ ನಾನು.

ಸೈರನ್ ಆಯಿತು. ಕುರ್ಚಿ ಅವನ ಮಂಚದ ಕಡೆ ತಿರುಗಿಸಿಕೊಂಡು ಕೂತಿದ್ದೇನೆ. ಓದಿದೆ.

ಮೊದಲ ಮನೆ, ಒಂದು ಸೊನ್ನೆ ಒಂಬತ್ತು —